ಲ್ವಾರ್ ದಂಡೆಯಲ್ಲಿ ನಿಧಾನದ ದಾರಿ

ಬೆಂಗಳೂರಿನಲ್ಲಿ ಸೈಕಲ್ ತುಳಿಯುವವರ ನಡುವೆ ಮಾತು ಶುರುವಾಗುವುದೇ ಲೆಕ್ಕದಿಂದ. ಎಷ್ಟು ಕಿಲೋಮೀಟರ್ ಆಯಿತು, ಸರಾಸರಿ ವೇಗ ಎಷ್ಟು ಬಂತು, ನಂದಿ ಬೆಟ್ಟ ಹತ್ತಲು ಎಷ್ಟು ನಿಮಿಷ ಹಿಡಿಯಿತು. ಇದರಲ್ಲಿ ತಪ್ಪೇನೂ ಇಲ್ಲ. ವಾರವಿಡೀ ಕುರ್ಚಿಯಲ್ಲಿ ಕೂತು ದುಡಿಯುವ ದೇಹಕ್ಕೆ ಭಾನುವಾರದ ನಸುಕಿನಲ್ಲಿ ಬರುವ ಬೆವರಿನ ಬೆಲೆ ನನಗೂ ಗೊತ್ತು. ಆದರೆ ತಂಗಿಯ ಮನೆಗೆಂದು ಫ್ರಾನ್ಸಿಗೆ ಹೋಗಿದ್ದಾಗ ಲ್ವಾರ್ ನದಿಯ ದಂಡೆಯಲ್ಲಿ ಸೈಕಲ್ ಮೇಲೆ ಕಳೆದ ಒಂದು ದಿನದ ಬಗ್ಗೆ ಗೆಳತಿಯರಿಗೆ ಹೇಳುವಾಗಲೆಲ್ಲ, ಬೆಳಗಿನಿಂದ ಸಂಜೆಯವರೆಗೆ ಒಟ್ಟು 35 ಕಿಲೋಮೀಟರ್ ಆಗಿರಬಹುದು ಎಂದ ಕೂಡಲೇ ಎದುರಿನವರ ಮುಖದಲ್ಲಿ ಸಣ್ಣ ನಿರಾಸೆ ಕಾಣುತ್ತಿತ್ತು. ‘ಇಡೀ ದಿನಕ್ಕೆ ಅಷ್ಟೇನಾ?’ ಎಂದು ಒಬ್ಬರು ಕೇಳಿಯೂಬಿಟ್ಟರು. ಹೌದು, ಅಷ್ಟೇ. ಆದರೂ ಆ ದಿನ ಒಂದು ಗಂಟೆಯೂ ಖಾಲಿ ಎನಿಸಿರಲಿಲ್ಲ, ಬೇಗ ಮುಗಿಸಿಬಿಡೋಣ ಎಂಬ ತವಕ ಒಮ್ಮೆಯೂ ಹುಟ್ಟಿರಲಿಲ್ಲ. ಅದೇ ಕಾಲುಗಳು, ಅದೇ ಮನಸ್ಸು ಹೊಸೂರು ರಸ್ತೆಗೆ ಇಳಿದರೆ ಅವಸರಕ್ಕೆ ಬೀಳುತ್ತವೆ. ಹಾಗಾದರೆ ಅಲ್ಲಿ ಆ ನಿಧಾನ ಎಲ್ಲಿಂದ ಬಂತು ಎಂಬ ಪ್ರಶ್ನೆ ಊರಿಗೆ ಬಂದ ಮೇಲೂ ನನ್ನನ್ನು ಬಿಡಲಿಲ್ಲ.

ನಿಧಾನವನ್ನು ನಾವು ಸಾಮಾನ್ಯವಾಗಿ ಸ್ವಭಾವಕ್ಕೆ ಸೇರಿದ ಮಾತು ಎಂದುಕೊಳ್ಳುತ್ತೇವೆ. ಕೆಲವರು ತಾಳ್ಮೆಯವರು, ಕೆಲವರು ಧಾವಂತದವರು. ಅಭ್ಯಾಸ ಮಾಡಿದರೆ ಯಾರಾದರೂ ನಿಧಾನಿಸಬಹುದು ಎಂದು ಉಪದೇಶಿಸುವವರಿಗೂ ಕೊರತೆಯಿಲ್ಲ. ಆ ದಿನದ ಬಗ್ಗೆ ಯೋಚಿಸುತ್ತ ಹೋದಂತೆ ನನಗೆ ಬೇರೆಯೇ ಅನ್ನಿಸತೊಡಗಿತು. ಅಂದಿನ ನನ್ನ ನಿಧಾನಕ್ಕೆ ನನಗಿಂತ ಹೆಚ್ಚು ಕಾರಣರಾದವರು ಬೇರೆಯವರು. ಆ ದಾರಿ ಹಾಗಿರಬೇಕಾದರೆ ನದಿ ಹಾಗಿರಬೇಕಾಗಿತ್ತು. ನದಿ ಹಾಗೆ ಉಳಿಯಬೇಕಾದರೆ ಕೆಲವರು ಹಟ ಹಿಡಿದು ಕೂರಬೇಕಾಗಿತ್ತು.

ಗಾಳಿಯನ್ನು ಬೆನ್ನಿಗಿಟ್ಟುಕೊಂಡು

ತಂಗಿ ಇರುವುದು ತೂರ್ ಪಟ್ಟಣದಲ್ಲಿ. ಸೈಕಲ್‌ಗಳನ್ನು ಬೆಳಗಿನ ರೈಲಿಗೆ ಹತ್ತಿಸಿ ಪಶ್ಚಿಮಕ್ಕೆ ಸೋಮ್ಯೂರ್‌ವರೆಗೆ ಹೋಗುವುದು, ಅಲ್ಲಿಂದ ನದಿಯ ದಕ್ಷಿಣ ದಂಡೆ ಹಿಡಿದು ಪೂರ್ವಕ್ಕೆ ತುಳಿಯುತ್ತ ಕಾಂದ್ ಎಂಬ ಹಳ್ಳಿ ಮುಟ್ಟುವುದು, ಅಲ್ಲಿ ವಿಯೆನ್ ನದಿ ದಾಟಿ ಷಿನೋನ್ ಸೇರಿ ರೈಲಿನಲ್ಲಿ ಮನೆಗೆ ಮರಳುವುದು, ಇದು ಅವಳು ಹಾಕಿದ ಯೋಜನೆ. ಲ್ವಾರ್ ಹರಿಯುವುದು ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದ ಕಡೆಗೆ. ಹೊಳೆಯ ಜೊತೆಗೇ ಇಳಿಯುವುದನ್ನು ಬಿಟ್ಟು ಅದಕ್ಕೆ ಎದುರಾಗಿ ಏಕೆ ಹೋಗಬೇಕು ಎಂದು ಕೇಳಿದೆ. ‘ಅಕ್ಕ, ಇಲ್ಲಿ ಇಳಿಜಾರು ಲೆಕ್ಕಕ್ಕೇ ಇಲ್ಲ. ಲೆಕ್ಕಕ್ಕೆ ಬರೋದು ಗಾಳಿ. ಅದು ಸಮುದ್ರದ ಕಡೆಯಿಂದ ಬೀಸುತ್ತೆ. ಅದನ್ನ ಬೆನ್ನಿಗೆ ಇಟ್ಕೊಂಡ್ರೆ ಅರ್ಧ ಕೆಲಸ ಅದೇ ಮಾಡುತ್ತೆ’ ಎಂದಳು.

ಇದು ಸೈಕಲ್ ಸವಾರರು ಕಂಡುಹಿಡಿದ ಸತ್ಯವೇನಲ್ಲ. ನೂರಾರು ವರ್ಷ ಈ ನದಿಯ ದೋಣಿಗಾರರ ಬದುಕು ನಡೆದದ್ದೇ ಈ ಲೆಕ್ಕದ ಮೇಲೆ. ಹೊಳೆಯ ಜೊತೆ ಇಳಿಯಲು ಹರಿವು ಸಾಕು. ಹತ್ತಿ ಬರಲು ಪಶ್ಚಿಮದ ಗಾಳಿ ಬೇಕು. ದೊಡ್ಡ ಚೌಕದ ಹಾಯಿ ಕಟ್ಟಿದ, ತಳ ಚಪ್ಪಟೆಯಾದ ದೋಣಿಗಳನ್ನು ಒಂದರ ಹಿಂದೊಂದು ಬಿಗಿದು ಸಮುದ್ರದ ಉಪ್ಪನ್ನು ಒಳನಾಡಿಗೆ ತರುತ್ತಿದ್ದರು. ವೈನ್, ಕಲ್ಲು, ಕಲ್ಲಿದ್ದಲು ಕೆಳಗೆ ಹೋಗುತ್ತಿದ್ದವು. ತಳ ಚಪ್ಪಟೆಯಾಗಿರಲೇಬೇಕಿತ್ತು, ಏಕೆಂದರೆ ಲ್ವಾರ್ ಆಳದ ನದಿಯಲ್ಲ. ಮರಳು ಅದರ ಒಡಲಲ್ಲಿ ಸದಾ ಜಾಗ ಬದಲಿಸುತ್ತಿರುತ್ತದೆ. ಗಾಳಿ ಬಿದ್ದರೆ ದೋಣಿಗಳು ಯಾವುದೋ ಹಳ್ಳಿಯ ಕಟ್ಟೆಗೆ ಹಗ್ಗ ಕಟ್ಟಿ ಕಾಯುತ್ತಿದ್ದವು, ಕೆಲವೊಮ್ಮೆ ದಿನಗಟ್ಟಲೆ. ಈ ದಂಡೆಯ ಅನೇಕ ಊರುಗಳಲ್ಲಿ ನೀರಿನವರೆಗೆ ಇಳಿಜಾರಾಗಿ ಹಾಸಿದ ಉದ್ದುದ್ದದ ಕಲ್ಲಿನ ಕಟ್ಟೆಗಳು ಇಂದಿಗೂ ಇವೆ. ಅವು ಕಾಯುವುದಕ್ಕೆಂದೇ ಕಟ್ಟಿದ ಜಾಗಗಳು. ನಾವು ಬುತ್ತಿ ಬಿಚ್ಚಿ ಕೂತದ್ದೆಲ್ಲ ಅಂಥ ಕಟ್ಟೆಗಳ ಮೇಲೆಯೇ.

ರೈಲಿನ ಬಗ್ಗೆಯೂ ಎರಡು ಮಾತು ಹೇಳಬೇಕು, ಏಕೆಂದರೆ ಅದಿಲ್ಲದಿದ್ದರೆ ಈ ದಿನವೇ ಇರುತ್ತಿರಲಿಲ್ಲ. ಬೋಗಿಯೊಳಗೆ ಸೈಕಲ್ ನೇತುಹಾಕಲು ಕೊಕ್ಕೆಗಳಿರುತ್ತವೆ. ಬೇಸಿಗೆಯಲ್ಲಿ ಓರ್ಲಿಯಾನ್‌ನಿಂದ ಸಮುದ್ರದ ಕಡೆಗೆ ಓಡುವ ಕೆಲವು ರೈಲುಗಳಲ್ಲಿ ಸೈಕಲ್‌ಗಳಿಗೆಂದೇ ಹೆಚ್ಚಿನ ಜಾಗ ಬಿಡುತ್ತಾರೆ. ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಲು ನನ್ನ ತೋಳಿಗೆ ಎತ್ತರ ಸಾಲದಾದಾಗ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಎದ್ದುಬಂದು ಹಿಂದಿನ ಚಕ್ರಕ್ಕೆ ಮೊಣಕಾಲು ಕೊಟ್ಟು ಎತ್ತಿಸಿದರು. ಅವರೂ ಅವರ ಯಜಮಾನರೂ ಚೀಲ ಕಟ್ಟಿಕೊಂಡು ನಾಂತ್‌ನತ್ತ ಹೊರಟಿದ್ದರು. ಎಷ್ಟು ದಿನ ಹಿಡಿಯುತ್ತದೆ ಎಂದು ತಂಗಿ ಕೇಳಿದಾಗ, ಅದನ್ನು ಗಾಳಿಯನ್ನು ಕೇಳಬೇಕು ಎಂಬ ಉತ್ತರ ಬಂತು. ವಾಪಸಿಗೆ ಎಲ್ಲಿ ಸಾಕೆನಿಸುತ್ತದೋ ಅಲ್ಲಿ ರೈಲು ಸಿಗುತ್ತದೆ ಎಂಬ ಧೈರ್ಯ ಇದ್ದವರು ಮಾತ್ರ ಹಾಗೆ ಉತ್ತರಿಸಬಲ್ಲರು.

ಬಂಡೆಯೊಳಗಿನ ಬೀದಿ

ಸೋಮ್ಯೂರ್‌ನ ಕೋಟೆ, ಅಲ್ಲಿಯ ಹೆಸರಾಂತ ಕುದುರೆ ಸವಾರಿ ಶಾಲೆ, ಇವೆಲ್ಲ ಪ್ರವಾಸಿ ಕೈಪಿಡಿಗಳಲ್ಲಿ ಸಾಕಷ್ಟು ಬಂದಿವೆ. ನಾವು ಸಂತೆಯಲ್ಲಿ ಚೆರಿ ಹಣ್ಣು ಕೊಂಡು ಊರು ಬಿಟ್ಟೆವು. ‘ಲ್ವಾರ್ ಆ ವೆಲೊ’ ಎಂಬ ಹೆಸರಿನ ಈ ಸೈಕಲ್ ದಾರಿ ಒಟ್ಟು ಸುಮಾರು 900 ಕಿಲೋಮೀಟರ್ ಉದ್ದದ್ದು. ನೆವೇರ್ ಪಟ್ಟಣದ ಹತ್ತಿರ ಶುರುವಾಗಿ ಅಟ್ಲಾಂಟಿಕ್ ತೀರದಲ್ಲಿ ಮುಗಿಯುತ್ತದೆ. ನದಿ ಹಾದುಹೋಗುವ ಎರಡು ಪ್ರಾಂತಗಳ ಆಡಳಿತಗಳು 1990ರ ದಶಕದಲ್ಲಿ ಕೈಗೆತ್ತಿಕೊಂಡ ಕೆಲಸ ಪೂರ್ತಿಯಾದದ್ದು 2012ರಲ್ಲಿ. ಯುರೋಪನ್ನು ಅಡ್ಡಹಾಯ್ದು ಕಪ್ಪು ಸಮುದ್ರದವರೆಗೆ ಹೋಗುವ ದೀರ್ಘ ಸೈಕಲ್ ಮಾರ್ಗಕ್ಕೂ ಇದರ ಬಹುಭಾಗ ಸೇರಿಕೊಂಡಿದೆ.

ಊರು ದಾಟಿದ ಮೇಲೆ ನದಿಯ ಪಕ್ಕದಲ್ಲೇ ನೇರವಾದ ಡಾಂಬರು ರಸ್ತೆಯೊಂದು ಹೋಗುತ್ತದೆ. ಅದು ಕಾರುಗಳ ರಸ್ತೆ. ಸೈಕಲ್‌ನ ಫಲಕ ಮಾತ್ರ ನಮ್ಮನ್ನು ಬಲಕ್ಕೆ ತಿರುಗಿಸಿ, ನದಿಗೆ ಬೆನ್ನು ಹಾಕಿಸಿ, ಬಂಡೆಯ ಮೇಲಕ್ಕೆ ಹತ್ತಿಸಿತು. ಸೊಂಟದೆತ್ತರದ ದ್ರಾಕ್ಷಿ ಬಳ್ಳಿಗಳ ಸಾಲುಗಳ ನಡುವೆ, ಟ್ರ್ಯಾಕ್ಟರ್ ಓಡಾಡುವಷ್ಟೇ ಅಗಲದ ದಾರಿ. ಸೋಮ್ಯೂರ್-ಶಾಂಪಿಞಿ ಎಂಬ ಕೆಂಪು ವೈನಿಗೆ ಹೆಸರಾದ ತೋಟಗಳು ಇವು. ಈ ಹೆಸರಿಗೆ ಸರ್ಕಾರದ ಮನ್ನಣೆ ಸಿಕ್ಕಿದ್ದು 1957ರಲ್ಲಿ. ಬಳ್ಳಿಗಳ ನಡುವೆ ಒಂದು ಕಡೆ ಇಟ್ಟಿಗೆಯ ಹೊಗೆಗೂಡು ನೆಲದಿಂದ ನೇರವಾಗಿ ಎದ್ದು ನಿಂತಿತ್ತು. ಸುತ್ತ ಮನೆಯಿಲ್ಲ, ಮಾಡಿಲ್ಲ. ತಂಗಿ ಸೈಕಲ್ ನಿಲ್ಲಿಸಿ ಕಾಲಿನಿಂದ ನೆಲ ಕುಟ್ಟಿ ತೋರಿಸಿದಳು. ಮನೆ ನಮ್ಮ ಕಾಲ ಕೆಳಗಿತ್ತು.

ಈ ಬಂಡೆಗೆ ತುಫೋ ಎನ್ನುತ್ತಾರೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದ ತಳದಲ್ಲಿ ಕೂತ ಮೆದು ಸುಣ್ಣದ ಕಲ್ಲು. ಹಗುರ, ಕೆತ್ತಲು ಸುಲಭ, ಗಾಳಿಗೆ ಒಡ್ಡಿದರೆ ಸ್ವಲ್ಪ ಗಟ್ಟಿಯಾಗುತ್ತದೆ. ಲ್ವಾರ್ ಕಣಿವೆಯ ಹೆಸರಾಂತ ಅರಮನೆಗಳಲ್ಲಿ ಎಷ್ಟೋ ಈ ಕಲ್ಲಿನವು. ಕಲ್ಲು ಹೋದದ್ದು ದೋಣಿಗಳಲ್ಲಿ. ಕಲ್ಲು ತೆಗೆದಲ್ಲೆಲ್ಲ ಉಳಿದ ಪೊಳ್ಳನ್ನು ಜನ ಬಿಡಲಿಲ್ಲ. ವಾಸಕ್ಕೆ ಮನೆ ಮಾಡಿಕೊಂಡರು, ವೈನ್ ಇಟ್ಟರು, ಮುಂದೆ ಅಣಬೆ ಬೆಳೆದರು. ಒಳಗಿನ ತಂಪು ವರ್ಷವಿಡೀ 12-13 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ.

ಸೂಜೇ ಎಂಬ ಹಳ್ಳಿಯಲ್ಲಿ ನಮ್ಮ ದಾರಿ ಆ ಬಂಡೆಯೊಳಕ್ಕೇ ನುಗ್ಗಿತು. ಇದು ಸುರಂಗವಲ್ಲ, ಬೀದಿ. ಹಿಂದೆ ಜನ ವಾಸವಿದ್ದ, ವ್ಯಾಪಾರ ನಡೆದ ಬೀದಿ. ಇಕ್ಕೆಲದಲ್ಲೂ ಬಂಡೆಯಲ್ಲೇ ಕೊರೆದ ಬಾಗಿಲುಗಳು, ಕಿಟಕಿಗಳ ಚೌಕಟ್ಟು. ಅಲ್ಲಲ್ಲಿ ಮೇಲಿನ ಕಂಡಿಯಿಂದ ಬೆಳಕು ಬೀಳುತ್ತದೆ, ನಡುವೆ ಕತ್ತಲು. ಹೊರಗೆ ಜೂನ್ ತಿಂಗಳ ಬಿಸಿಲಿನಲ್ಲಿ ಬೆವರಿದ್ದ ಬೆನ್ನಿಗೆ ಒಳಗಿನ ಗಾಳಿ ತಗಲಿ ಮೈ ಜುಮ್ಮೆಂದಿತು. ‘ಅಕ್ಕ, ಇಳಿದು ತಳ್ಕೊಂಡು ಬಾ, ನೆಲ ಏರುಪೇರಿದೆ’ ಎಂದು ಮುಂದಿನಿಂದ ತಂಗಿ ಕೂಗಿದಳು. ಇಳಿದೆ. ಇಳಿದದ್ದರಿಂದಲೇ ಗೋಡೆ ಕಂಡಿತು. ಉಳಿಯ ಏಟುಗಳು ಒಂದೇ ಓರೆಯಲ್ಲಿ, ಒಂದರ ಪಕ್ಕ ಒಂದು, ಮಾಡಿನವರೆಗೂ ಹತ್ತಿದ್ದವು. ಒಂದು ಕಡೆ ಓರೆ ಇದ್ದಕ್ಕಿದ್ದಂತೆ ಎದುರು ದಿಕ್ಕಿಗೆ ತಿರುಗಿತ್ತು. ಕೆತ್ತುತ್ತಿದ್ದವನ ಬಲಗೈ ಸೋತು ಎಡಗೈಗೆ ಬದಲಾಯಿಸಿಕೊಂಡನೋ, ಅಲ್ಲಿಂದ ಬೇರೊಬ್ಬನ ಪಾಲು ಶುರುವಾಯಿತೋ. ಬೆರಳಿನಿಂದ ಸವರಿದರೆ ಬಿಳಿ ಪುಡಿ ಅಂಟಿತು. ಇಷ್ಟು ಮೆದುವಾದದ್ದನ್ನು ಕೊರೆದು ಶತಮಾನಗಳ ಕಾಲ ಜನ ನೆಮ್ಮದಿಯಿಂದ ಬಾಳಿದರಲ್ಲ ಎಂದು ಆಶ್ಚರ್ಯವಾಯಿತು.

ಆ ಬೀದಿಯಲ್ಲಿ ಎಷ್ಟು ಹೊತ್ತು ಇದ್ದೆವೋ ಗೊತ್ತಿಲ್ಲ. ಕೆಳಗಿನ ಡಾಂಬರು ರಸ್ತೆಯಲ್ಲಿ ಹೋಗಿದ್ದರೆ ಇದೇ ಹಳ್ಳಿಯನ್ನು ಎರಡು ನಿಮಿಷದಲ್ಲಿ ದಾಟಿಬಿಡುತ್ತಿದ್ದೆವು. ಇಲ್ಲಿ ದಾರಿ ಹಾಕಿದವರ ಬುದ್ಧಿ ನನಗೆ ಅರ್ಥವಾಗತೊಡಗಿತು. ಅವರು ಹೊಸದಾಗಿ ಕಟ್ಟಿದ್ದು ಕಡಿಮೆ. ಹೊಲದ ದಾರಿ, ಹಳ್ಳಿಯ ಹಿಂಬೀದಿ, ಹಳೆಯ ದೋಣಿಕಟ್ಟೆ, ಬಂಡೆಯೊಳಗಿನ ಓಣಿ, ಹೀಗೆ ಇದ್ದವನ್ನೇ ಒಂದಕ್ಕೊಂದು ಹೊಂದಿಸಿ, ತಿರುವಿನಲ್ಲೆಲ್ಲ ಸಣ್ಣ ಫಲಕ ನೆಟ್ಟಿದ್ದಾರೆ. ಹತ್ತಿರದ ದಾರಿ ಯಾವುದು ಎಂದು ಅವರು ನೋಡಿದಂತಿಲ್ಲ. ಸವಾರರು ಎಲ್ಲಿ ಇಳಿಯಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ಯೋಚಿಸಿದ್ದಾರೆ. ವೇಗ ಹೆಚ್ಚಿಸಬೇಕೆಂದರೂ ಅಲ್ಲಿ ಆಗುವುದಿಲ್ಲ. ನೂರು ಗಜಕ್ಕೊಂದು ತಿರುವು, ತಿರುವಿಗೊಂದು ಹೊಸ ನೆಲ.

ಮಧ್ಯಾಹ್ನದ ಊಟ ತುರ್ಕಾನ್ ಹಳ್ಳಿಯ ಹತ್ತಿರ, ಅದೂ ಗುಹೆಯೊಳಗೆ. ಅಲ್ಲಿ ಫುವೆ ಎಂಬ ಪುಟ್ಟ ರೊಟ್ಟಿ ಮಾಡುತ್ತಾರೆ. ಕಟ್ಟಿಗೆ ಒಲೆಯೊಳಗೆ ಎಸೆದ ಹಿಟ್ಟಿನ ಬಿಲ್ಲೆ ಕಣ್ಣೆದುರೇ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬುತ್ತದೆ. ಸೀಳಿ, ಒಳಗಿನ ಪೊಳ್ಳಿಗೆ ಬೆಂದ ಬಿಳಿ ಅವರೆಯನ್ನೋ ಬೆಣ್ಣೆಯಲ್ಲಿ ಹುರಿದ ಅಣಬೆಯನ್ನೋ ತುಂಬಿ ತಿನ್ನಬೇಕು. ಮಾಂಸ ತಿನ್ನದವರು ಫ್ರಾನ್ಸಿನ ಹಳ್ಳಿಗಳಲ್ಲಿ ಹೊಟ್ಟೆ ತುಂಬಾ ಉಣ್ಣುವ ಅಪರೂಪದ ಊಟಗಳಲ್ಲಿ ಇದೂ ಒಂದು. ಇದೇ ಹಳ್ಳಿಯಲ್ಲಿ ಸೇಬಿನ ಸಿಪ್ಪೆ ತೆಗೆದು, ಇಡಿಯಾಗಿಯೇ ಒಲೆಯಲ್ಲಿ ಐದಾರು ದಿನ ಒಣಗಿಸಿ, ಮರದ ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ ಇಡುವ ಕಸುಬಿದೆ. 19ನೇ ಶತಮಾನದಲ್ಲಿ ಈ ಸೇಬು ಹಡಗಿನವರ ಬುತ್ತಿಯಾಗಿತ್ತು. ಕೆಡದಂತೆ ಉಳಿಯಲು ಬೇಕಾದದ್ದು ಹದವಾದ ಶಾಖ ಮತ್ತು ಕಾಯುವ ತಾಳ್ಮೆ, ಎರಡೇ.

ಏರಿ ಕಟ್ಟಿದವರು

ಮುಂದಿನ ಹಳ್ಳಿ ಮೊಂಸೊರೋ. ಅಲ್ಲಿಯ ಕೋಟೆಯ ಗೋಡೆಯ ನೆರಳಿನಲ್ಲಿ ಕೂತರೆ ಎದುರು ದಡದ ಉದ್ದಕ್ಕೂ ಹಸಿರು ಗೆರೆಯೊಂದು ಕಾಣುತ್ತದೆ. ಅದು ಏರಿ. ನೆರೆಯಿಂದ ಬಯಲನ್ನು ಕಾಯಲು ಹಾಕಿದ ಮಣ್ಣಿನ ಒಡ್ಡು. 12ನೇ ಶತಮಾನದಲ್ಲಿ, ಇಂಗ್ಲೆಂಡಿನ ದೊರೆಯೂ ಈ ಆಂಜೂ ನಾಡಿನ ಒಡೆಯನೂ ಆಗಿದ್ದ ಎರಡನೇ ಹೆನ್ರಿ, ಏರಿಯ ಮೇಲೆ ನೆಲೆಸಿ ಅದನ್ನು ದುರಸ್ತಿಯಲ್ಲಿಡುವ ಜನರಿಗೆ ರಿಯಾಯಿತಿಗಳನ್ನು ಕೊಟ್ಟು ಆ ಕೆಲಸವನ್ನು ಗಟ್ಟಿಗೊಳಿಸಿದ. ಅವನ ಸಮಾಧಿ ಇಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದ ಫೋಂತವ್ರೋ ಮಠದಲ್ಲಿದೆ. ನಂತರದ ದೊರೆಗಳು ಏರಿಯನ್ನು ಎತ್ತರಿಸುತ್ತಲೇ ಹೋದರು.

ನಾನು ಬೆಳೆದದ್ದು ಮಂಡ್ಯ ಜಿಲ್ಲೆಯಲ್ಲಿ, ವಿಶ್ವೇಶ್ವರಯ್ಯ ನಾಲೆಯ ಪಕ್ಕದಲ್ಲಿ. ಸೈಕಲ್ ಕಲಿತದ್ದೂ ನಾಲೆ ಏರಿಯ ಮೇಲೆಯೇ. ಸೋದರಮಾವ ಹಿಂದಿನ ಕ್ಯಾರಿಯರ್ ಹಿಡಿದು ಓಡಿಬರುತ್ತಿದ್ದರು. ಆ ಏರಿಯ ಮೇಲೆ ಹೋಗುವಾಗ ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಗದ್ದೆ. ನೀರಿನ ಮಟ್ಟ ಗದ್ದೆಗಿಂತ ಮೇಲಿದೆ ಎಂಬುದನ್ನು ಕಣ್ಣು ಮೊದಲು ಒಪ್ಪುವುದಿಲ್ಲ. ಲ್ವಾರ್‌ನ ಏರಿಯನ್ನು ನೋಡಿದ ಕೂಡಲೇ ನನಗೆ ಅದರ ಪರಿಚಯ ಸಿಕ್ಕಿತು. ವ್ಯತ್ಯಾಸವೂ ಹೊಳೆಯಿತು. ನಾಲೆಯಲ್ಲಿ ನೀರು ಎಷ್ಟು ಬರಬೇಕೆಂದು ತೂಬಿನ ಹತ್ತಿರ ಒಬ್ಬರು ನಿರ್ಧರಿಸುತ್ತಾರೆ. ಇಲ್ಲಿ ನಿರ್ಧರಿಸುವುದು ನದಿ.

1846, 1856, 1866. ಈ ಮೂರು ವರ್ಷಗಳನ್ನು ಲ್ವಾರ್ ಕಣಿವೆಯ ಹಳೆಯ ಗೋಡೆಗಳಲ್ಲಿ ಮತ್ತೆ ಮತ್ತೆ ಓದಬಹುದು. ನೆರೆ ಎಲ್ಲಿಯವರೆಗೆ ಏರಿತ್ತೆಂದು ಗೆರೆ ಕೊರೆದು ಇಸವಿ ಬರೆದಿರುತ್ತಾರೆ. ನಾವು ನೋಡಿದ ಒಂದು ಮನೆಯ ಬಾಗಿಲ ಪಕ್ಕದಲ್ಲಿ 1856ರ ಗೆರೆ ನನ್ನ ತಲೆಗಿಂತ ಮೇಲಿತ್ತು. ಆ ವರ್ಷದ ಜೂನ್‌ನಲ್ಲಿ ಇಲ್ಲಿಂದ ಸ್ವಲ್ಪ ಮೇಲೆ, ಎದುರು ದಡದ ಲಾ ಶಾಪೆಲ್ ಎಂಬ ಊರಿನಲ್ಲಿ ಏರಿ ಒಡೆಯಿತು. ಊರು ಹಾಳಾಯಿತು, ನೀರು ಬಯಲು ತುಂಬಿ ಆಂಜೆ ಪಟ್ಟಣದ ಬಳಿಯ ಸ್ಲೇಟು ಕಲ್ಲಿನ ಗಣಿಗಳವರೆಗೂ ಹೋಯಿತು. ಏರಿ ಎತ್ತರಿಸಿದಷ್ಟೂ ನದಿಗೆ ಹರಡಲು ಜಾಗ ಕಡಿಮೆಯಾಗಿ, ಒಡೆದಾಗಿನ ಪೆಟ್ಟು ದೊಡ್ಡದಾಗುತ್ತದೆ ಎಂಬ ಪಾಠ ಆ ಇಪ್ಪತ್ತು ವರ್ಷಗಳದು. ಬಾಗಿಲ ಪಕ್ಕದ ಆ ಗೆರೆಯನ್ನು ಇಂದಿಗೂ ಬಣ್ಣ ಬಳಿದು ಮುಚ್ಚದೆ ಇಟ್ಟಿರುವ ಮನೆಯವರ ಬಗ್ಗೆ ನನಗೆ ಗೌರವ ಮೂಡಿತು.

ಕೈಬಿಟ್ಟ ನದಿ, ಕಾಯ್ದ ನದಿ

ಈ ನಡುವೆ ಇನ್ನೊಂದು ಸಂಗತಿ ನಡೆದಿತ್ತು. ರೈಲು 1843ರಲ್ಲಿ ಓರ್ಲಿಯಾನ್‌ಗೆ, 1846ರಲ್ಲಿ ತೂರ್‌ಗೆ, 1851ರಲ್ಲಿ ನಾಂತ್‌ಗೆ ಬಂತು. ಗಾಳಿಗಾಗಿ ಕಾಯುವ ದೋಣಿ ಅದರೆದುರು ಎಷ್ಟು ಕಾಲ ನಿಂತೀತು? ಅದಕ್ಕೂ ಸ್ವಲ್ಪ ಮುಂಚೆ ಬಂದಿದ್ದ ಉಗಿದೋಣಿಗಳೂ ಬಾಳಲಿಲ್ಲ. ಕೆಲವೇ ದಶಕಗಳಲ್ಲಿ ಸರಕು ಸಾಗಣೆ ನಿಂತು, ದೋಣಿಕಟ್ಟೆಗಳಲ್ಲಿ ಹುಲ್ಲು ಬೆಳೆಯಿತು. ರೈನ್, ಸೇನ್, ರೋನ್ ನದಿಗಳನ್ನು ದೊಡ್ಡ ಹಡಗುಗಳಿಗಾಗಿ ಆಳ ಮಾಡಿದರು, ನೇರ ಮಾಡಿದರು, ನೀರು ತಡೆದು ಬಿಡುವ ಬಾಗಿಲುಗಳನ್ನು ಕೂರಿಸಿದರು. ಮರಳು ತುಂಬಿದ ಲ್ವಾರ್ ಮೇಲೆ ಅಷ್ಟು ಹಣ ಸುರಿಯುವ ಮನಸ್ಸು ಯಾರಿಗೂ ಬರಲಿಲ್ಲ. ಇಂದು ನಾವು ಹಾಡಿ ಹೊಗಳುವ ಮರಳ ದಿಣ್ಣೆಗಳು, ಕವಲೊಡೆದು ಹರಿಯುವ ನೀರು, ವಿಲ್ಲೋ ಮರಗಳ ನಡುಗಡ್ಡೆಗಳು ಉಳಿದದ್ದಕ್ಕೆ ಮೊದಲ ಕಾರಣ ಅದು. ವ್ಯಾಪಾರ ಈ ನದಿಯನ್ನು ಕೈಬಿಟ್ಟಿತ್ತು.

ಕೈಬಿಟ್ಟದ್ದು ತಾನಾಗಿಯೇ ಉಳಿಯುವುದಿಲ್ಲ, ಇನ್ನೊಬ್ಬರ ಕಣ್ಣು ಅದರ ಮೇಲೆ ಬಿದ್ದೇ ಬೀಳುತ್ತದೆ. 20ನೇ ಶತಮಾನದಲ್ಲಿ ಕಟ್ಟಡಗಳಿಗಾಗಿ ಇಲ್ಲಿಂದ ಎತ್ತಿದ ಮರಳಿಗೆ ಲೆಕ್ಕವಿಲ್ಲ. ನದಿಯ ತಳವೇ ಕುಸಿಯಿತು. 1980ರ ದಶಕದಲ್ಲಿ ಲ್ವಾರ್ ಮತ್ತು ಅದರ ಉಪನದಿಗಳಿಗೆ ಅಣೆಕಟ್ಟುಗಳ ಸರಣಿಯೇ ಸಿದ್ಧವಾಗುತ್ತಿತ್ತು. ನದಿಯ ಮೇಲ್ಕಣಿವೆಯಲ್ಲಿ, ಲ ಪುಯಿ ಪಟ್ಟಣದ ಹತ್ತಿರದ ಸೇರ್ ದ ಲಾ ಫಾರ್ ಎಂಬಲ್ಲಿ ಅಣೆಕಟ್ಟು ಬರಬೇಕಾಗಿದ್ದ ಜಾಗದಲ್ಲೇ 1989ರಲ್ಲಿ ಜನ ಬಂದು ಕೂತರು. ಚಳಿಗಾಲಗಳನ್ನು ಅಲ್ಲೇ ಕಳೆದರು. 1994ರಲ್ಲಿ ಸರ್ಕಾರ ಆ ಅಣೆಕಟ್ಟಿನ ಯೋಜನೆ ಕೈಬಿಟ್ಟು, ನದಿಯನ್ನು ನದಿಯಾಗಿಯೇ ನೋಡುವ ಹೊಸ ಯೋಜನೆಯೊಂದನ್ನು ಪ್ರಕಟಿಸಿತು. ಸಾಲ್ಮನ್ ಮೀನು ಮೇಲಕ್ಕೆ ಹೋಗಲಿ ಎಂದು 1998ರಲ್ಲಿ ಸೇಂತ್ ಎತಿಯೆನ್ ದ್ಯು ವಿಗಾನ್ ಎಂಬಲ್ಲಿದ್ದ ಹಳೆಯ ಅಣೆಕಟ್ಟನ್ನು ಒಡೆದು ತೆಗೆದರು. 2000ರಲ್ಲಿ ಸುಲ್ಲಿಯಿಂದ ಶಾಲೋನ್‌ವರೆಗಿನ ಕಣಿವೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸೈಕಲ್ ದಾರಿ ಹಂತಹಂತವಾಗಿ ರೂಪುಗೊಂಡದ್ದು ಇದೇ ವರ್ಷಗಳಲ್ಲಿ. ಮೇಲ್ಕಣಿವೆಯ ಚಳಿಯಲ್ಲಿ ಕೂತಿದ್ದ ಆ ಜನ ಸೈಕಲ್ ಸವಾರರ ಬಗ್ಗೆ ಯೋಚಿಸಿರಲಾರರು. ಆದರೆ ನಾನು ಅಂದು ಅನುಭವಿಸಿದ ಬಿಡುವಿನಲ್ಲಿ ಅವರ ಪಾಲು ದೊಡ್ಡದು ಎಂದು ನಾನು ನಂಬುತ್ತೇನೆ.

ಲ್ವಾರ್ ಅನ್ನು ಯುರೋಪಿನ ಕೊನೆಯ ಕಾಡುನದಿ ಎಂದು ಕರೆಯುವ ರೂಢಿ ಇದೆ. ಆ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಇದೇ ನದಿಯ ದಂಡೆಯಲ್ಲಿ ನಾಲ್ಕು ಅಣು ವಿದ್ಯುತ್ ಸ್ಥಾವರಗಳಿವೆ. ಅವುಗಳ ತಂಪಿಗೂ ಬೇಸಾಯಕ್ಕೂ ಬೇಸಿಗೆಯಲ್ಲಿ ನೀರು ತೀರ ಇಳಿಯದಂತೆ ಮೇಲಿನ ನೊಸಾಕ್, ವಿಲ್ಲೆರೆ ಜಲಾಶಯಗಳಿಂದ ನೀರು ಬಿಡುತ್ತಾರೆ. ಈ ನದಿಗೂ ಮನುಷ್ಯರ ಕೈ ತಗಲಿದೆ. ಎಲ್ಲಿಯವರೆಗೆ ಕೈ ಹಾಕಬೇಕು, ಎಲ್ಲಿ ತೆಗೆಯಬೇಕು ಎಂಬ ವಾದ ಇಲ್ಲಿ ಇನ್ನೂ ನಡೆಯುತ್ತಿದೆ, ಅದು ನಡೆಯುತ್ತಿರುವುದೇ ಒಳ್ಳೆಯದು.

ಎರಡು ನೀರು ಕೂಡುವಲ್ಲಿ

ಮೊಂಸೊರೋ ಬಿಟ್ಟರೆ ಕೂಗಳತೆಯಲ್ಲೇ ಕಾಂದ್. ಇಲ್ಲಿ ವಿಯೆನ್ ನದಿ ಬಂದು ಲ್ವಾರ್ ಸೇರುತ್ತದೆ. ಚರ್ಚಿನ ಹಿಂದಿನ ಕಡಿದಾದ ಓಣಿ ಹತ್ತಿ ಮೇಲೆ ನಿಂತರೆ ಸಂಗಮ ಕಾಣುತ್ತದೆ. ಎರಡೂ ನೀರು ಕೂಡಿದ ಮೇಲೂ ಸ್ವಲ್ಪ ದೂರ ತಮ್ಮ ತಮ್ಮ ಬಣ್ಣದಲ್ಲೇ ಪಕ್ಕಪಕ್ಕ ಹರಿಯುತ್ತವೆ. ಅಂದು ವಿಯೆನ್ ಕಂದು, ಲ್ವಾರ್ ತಿಳಿಬೂದು. ನಡುವೆ ನೀರಿನ ಮೇಲೆ ನಡುಗುವ ಗೆರೆ. ದೂರದ ಅವ್ವಾನ್ ಕಡೆ ಅಣು ಸ್ಥಾವರದ ಬಿಳಿ ಆವಿ ಮೇಲೇಳುತ್ತಿತ್ತು. ಕೆಳಗಿನ ಮರಳ ದಿಣ್ಣೆಯ ಮೇಲೆ ಪುಟ್ಟ ರೀವ ಹಕ್ಕಿಗಳು ನೀರಿಗೆ ಧುಮುಕಿ ಏಳುತ್ತಿದ್ದವು. ಅವು ಮೊಟ್ಟೆ ಇಡುವುದು ಬರಿಯ ಮರಳ ಮೇಲೆಯೇ. ಅದಕ್ಕಾಗಿ ವಸಂತದಿಂದ ನಡುಬೇಸಿಗೆಯವರೆಗೆ ಅಂಥ ದಿಣ್ಣೆಗಳಿಗೆ ಕಾಲಿಡಬಾರದೆಂಬ ನಿಯಮವಿದೆ.

ತೂರ್‌ನ ಬಿಷಪ್ ಆಗಿದ್ದ ಸಂತ ಮಾರ್ಟಿನ್ ತೀರಿಕೊಂಡದ್ದು ಈ ಹಳ್ಳಿಯಲ್ಲಿ, 397ನೇ ಇಸವಿಯ ನವೆಂಬರ್‌ನಲ್ಲಿ. ದೇಹ ಯಾರಿಗೆ ಸೇರಬೇಕೆಂದು ಪ್ವಾತಿಯೇ ಊರಿನವರಿಗೂ ತೂರ್ ಊರಿನವರಿಗೂ ಜಗಳವಾಯಿತಂತೆ. ರಾತ್ರಿ ಪ್ವಾತಿಯೇಯವರು ನಿದ್ದೆಹೋದಾಗ ತೂರ್‌ನವರು ಕಿಟಕಿಯಿಂದ ದೇಹವನ್ನು ಇಳಿಸಿ ದೋಣಿಯಲ್ಲಿಟ್ಟುಕೊಂಡು ಹೊಳೆಗೆದುರಾಗಿ ಹೊರಟರಂತೆ. ದೋಣಿ ಹೋದಂತೆ ನವೆಂಬರ್ ಚಳಿಯಲ್ಲೂ ದಂಡೆಯ ಗಿಡಗಳು ಹೂಬಿಟ್ಟವು ಎಂದು ಕಥೆ. ಈಗಲೂ ಆ ತಿಂಗಳಲ್ಲಿ ಒಂದೆರಡು ದಿನ ಬೆಚ್ಚಗಾದರೆ ಅದನ್ನು ಸಂತ ಮಾರ್ಟಿನ್‌ನ ಬೇಸಿಗೆ ಎನ್ನುತ್ತಾರೆ.

ಕೆಳಗಿಳಿದು ಕಟ್ಟೆಗೆ ಬಂದಾಗ ವಯಸ್ಸಾದವರೊಬ್ಬರು ಹಳೆಯ ಮಾದರಿಯ ಚಪ್ಪಟೆ ದೋಣಿಯಲ್ಲಿ ನಿಂತು ಉದ್ದನೆಯ ಗಳವನ್ನು ನೀರಿಗೆ ಇಳಿಸಿ ಎತ್ತುತ್ತಿದ್ದರು. ಗಳದ ತುದಿಗೆ ಅಂಟಿದ ಮರಳನ್ನು ಪ್ರತಿಸಲವೂ ಬೆರಳಿನಿಂದ ತೆಗೆದು ನೋಡುತ್ತಿದ್ದರು. ತಂಗಿ ಮಾತಾಡಿಸಿದಳು. ನಿನ್ನೆ ಆಳವಿದ್ದಲ್ಲಿ ಇಂದು ದೋಣಿ ತಳ ಕಚ್ಚುತ್ತದೆ, ಅದಕ್ಕೇ ಹೊರಡುವ ಮೊದಲು ದಾರಿ ಹುಡುಕಬೇಕು ಎಂದರು ಅವರು. ಹಿಂದೆ ದೋಣಿಗಾರರು ಆಳದ ಜಾಡಿನುದ್ದಕ್ಕೂ ಕೋಲುಗಳನ್ನು ನೆಟ್ಟು ಗುರುತು ಮಾಡುತ್ತಿದ್ದರಂತೆ. ನೀರು ಇಳಿದಾಗ ಅವನ್ನು ಕಿತ್ತು ಬೇರೆಡೆ ನೆಡುವುದೇ ಒಂದು ಕೆಲಸ. 2022ರ ಆಗಸ್ಟ್‌ನ ಬರದಲ್ಲಿ ಇದೇ ನದಿಯ ಕೆಳಹರಿವಿನಲ್ಲಿ ಕೆಲವು ಕಡೆ ಜನ ಕಾಲ್ನಡಿಗೆಯಲ್ಲಿ ದಾಟಿದ್ದನ್ನು ಅವರೇ ನೆನಪಿಸಿದರು. ಹಾಗೆ ಹೇಳುವಾಗ ಅವರ ದನಿ ತಗ್ಗಿತು, ಕೈ ಮಾತ್ರ ಗಳವನ್ನು ಇಳಿಸುತ್ತ ಎತ್ತುತ್ತಲೇ ಇತ್ತು. ‘ಎಷ್ಟು ಹೊತ್ತಾಗುತ್ತೆ ಅಂತ ಕೇಳು’ ಎಂದೆ ತಂಗಿಗೆ. ‘ಕೇಳ್ದೆ ಅಕ್ಕ. ಮರಳು ಹೇಳಿದಷ್ಟು ಹೊತ್ತು ಅಂತಾರೆ.’

ಬೆಳಿಗ್ಗೆ ರೈಲಿನಲ್ಲಿ ಸಿಕ್ಕ ದಂಪತಿ ಗಾಳಿಯ ಮೇಲೆ ಹಾಕಿದ್ದ ಭಾರವನ್ನು ಇವರು ಮರಳಿನ ಮೇಲೆ ಹಾಕಿದ್ದರು. ಹೊತ್ತನ್ನು ತಮ್ಮ ಕೈಯಲ್ಲಿಟ್ಟುಕೊಳ್ಳಬೇಕೆಂಬ ಆಸೆ ಅವರಿಗಿಲ್ಲದೆ ಇಲ್ಲ. ಆದರೆ ಪಕ್ಕದಲ್ಲಿರುವ ನದಿ ಅದಕ್ಕೆ ಒಗ್ಗುವುದಿಲ್ಲ ಎಂಬುದು ಅವರಿಗೆ ತಲೆಮಾರುಗಳಿಂದ ಗೊತ್ತು. ಕಟ್ಟೆ, ಓಣಿ, ಗೋಡೆಯ ಗೆರೆ, ತಟ್ಟಿದ ಸೇಬು ಎಲ್ಲದರಲ್ಲೂ ಆ ತಿಳಿವಳಿಕೆ ಇದೆ. ಅಂಥ ನೆಲದ ಮೇಲೆ ದಿನವಿಡೀ ತುಳಿದರೆ ಹೊರಗಿನಿಂದ ಬಂದವರ ಗಡಿಯಾರವೂ ಸಡಿಲವಾಗುತ್ತದೆ.

ವಿಯೆನ್ ಸೇತುವೆ ದಾಟಿದ ಮೇಲೆ ವೆರೋನ್ ಎಂಬ ತಗ್ಗುನಾಡು, ಎರಡು ನದಿಗಳ ನಡುವಿನ ನಾಲಗೆ. ನೆರೆಯನ್ನು ತಡೆಯುವ ಬದಲು ಅದಕ್ಕೆ ಜಾಗ ಬಿಡಬೇಕೆಂದು 1994ರ ನಂತರ ನಡೆದ ಯೋಚನೆಯನ್ನು ಕಣ್ಣಿಂದ ನೋಡಬೇಕೆಂದರೆ ಇಂಥ ಜಾಗಕ್ಕೆ ಬರಬೇಕು. ಚಳಿಗಾಲದಲ್ಲಿ ಇಲ್ಲಿಯ ಹುಲ್ಲುಗಾವಲುಗಳನ್ನು ನೀರಿಗೆ ಬಿಟ್ಟುಕೊಡುತ್ತಾರೆ. ನೀರು ಬಂದು, ನಿಂತು, ಹೋಗುತ್ತದೆ. ಬೇಸಿಗೆಯಲ್ಲಿ ಹುಲ್ಲು ಕೊಯ್ದು ದನಕ್ಕೆ ಹಾಕುತ್ತಾರೆ. ಬೇಲಿಯುದ್ದಕ್ಕೂ ತಲೆ ಸವರಿದ ಮುದಿ ಆಶ್ ಮರಗಳು. ನೆಲ ಸಮತಟ್ಟು, ಬೆನ್ನಿಗೆ ಗಾಳಿ. ಇಡೀ ದಿನದಲ್ಲಿ ನಾವು ಸ್ವಲ್ಪ ಜೋರಾಗಿ ತುಳಿದದ್ದು ಇಲ್ಲಿ ಮಾತ್ರ. ಷಿನೋನ್ ಮುಟ್ಟಿದಾಗ ಸಂಜೆ ಏಳು ಕಳೆದಿತ್ತು, ಸೂರ್ಯ ಮುಳುಗಲು ಇನ್ನೂ ಎರಡೂವರೆ ಗಂಟೆ ಇತ್ತು. 1429ರಲ್ಲಿ ಜೋನ್ ಆಫ್ ಆರ್ಕ್ ಬಂದು ಯುವರಾಜನನ್ನು ಕಂಡ ಕೋಟೆಯನ್ನು ಕೆಳಗಿನಿಂದಲೇ ನೋಡಿ, ರೈಲು ನಿಲ್ದಾಣದ ಬೆಂಚಿನ ಮೇಲೆ ಉಳಿದ ಚೆರಿ ಹಣ್ಣು ಮುಗಿಸಿದೆವು.

ತಂಗಿಗೆ ಮುಂದಿನ ಸಲ ಸಮುದ್ರದ ಕಡೆಯಿಂದ ಹೊರಡುವ ಆಸೆ. ನಾನು ಬೇರೊಂದು ಕೇಳಿದ್ದೇನೆ. ಲ ಪುಯಿಯವರೆಗೆ ರೈಲಿನಲ್ಲಿ ಹೋಗಿ, ಸೇರ್ ದ ಲಾ ಫಾರ್ ಕಣಿವೆಗೆ ನಡೆದು ಇಳಿಯಬೇಕು. ಅಲ್ಲಿ ಇಷ್ಟು ಸಮತಟ್ಟಾದ ದಾರಿಯಿಲ್ಲ, ಅರಮನೆಗಳೂ ಇಲ್ಲ. ಅಣೆಕಟ್ಟು ಬಂದಿದ್ದರೆ ನೀರಿನ ತಳಕ್ಕೆ ಹೋಗುತ್ತಿದ್ದ ಆ ಕಣಿವೆಯಲ್ಲಿ ಈಗಲೂ ಹರಿಯುತ್ತಿರುವ ಲ್ವಾರ್‌ನ ಪಕ್ಕದಲ್ಲಿ ಒಂದು ಹಗಲು ಕೂರಬೇಕೆಂಬುದು ನನ್ನ ಬಯಕೆ. ‘ಸೈಕಲ್ ಬೇಡ್ವಾ?’ ಎಂದಳು. ಬೇಡ ಎಂದಿದ್ದೇನೆ.